ಎಡಗಾಲಿಯ ಎಂಟು ನಟ್ಟು

"ಏ ಮರ್ಯಾ, ನೀ ನಟ್ಟ ಬಿಚ್ಚಾಂವ ಅಲ್ಲಲೇ, ನಟ್ಟ ಕೊಲ್ಲಾಂವ! ನಿನ್ನ ಕೈ ತಾಗಿದ ಗಾಡಿ ರಸ್ತಾದ ಮ್ಯಾಲ ಉಳಿಯಂಗಿಲ್ಲ. ನೀನ ಅರ್ಧ ಮುರದ ಇಡ್ತಿ, ಮತ್ತ ನೀನ ಪಾನಾ ಹಿಡಕೊಂಡ ಬರ್ತಿ. ದಂಧಾ ಮಸ್ತ್ ಅದಲ್ಲಪಾ ನಿಂದು!"

ದೇವಾಪುರ ಕ್ರಾಸಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಜರಾಬೀ ಅವರ ಚಹಾದಂಗಡಿಯ ಮುಂದೆ ಹನ್ನೊಂದು ಮಂದಿ ಗ್ಲಾಸು ಹಿಡಿದು ನಿಂತಿದ್ದಾರೆ. ಬಹುಪಾಲು ಲಾರಿಯವರು, ಟಂಟಂ ಆಟೋದವರು, ಟ್ರ್ಯಾಕ್ಟರಿನವರು. ಬೈಯುತ್ತಿರುವವನು ವಿಶ್ವರಾಧ್ಯ, ಶಹಾಪುರದ ಭತ್ತದ ವ್ಯಾಪಾರಿ, ನಾಲ್ಕು ಲಾರಿಗಳ ಮಾಲಕ. ಬೈಸಿಕೊಳ್ಳುತ್ತಿರುವವರು ಮರಿಲಿಂಗಪ್ಪ. ವಯಸ್ಸು ಐವತ್ತೊಂದು. ಶಹಾಪುರದಿಂದ ಹೊರಡುವ ಮೊದಲ ಬಸ್ಸಿಗೆ ಬಂದು ಈಗಷ್ಟೇ ಇಳಿದಿದ್ದಾರೆ. ಹೆಗಲ ಮೇಲೆ ನಟ್ಟು ತಿರುಗಿಸುವ ಪಾನಾ, ಸುತ್ತಿಗೆ ತುಂಬಿದ ಗೋಣಿಚೀಲ ಇನ್ನೂ ಹಾಗೇ ಇದೆ.

ಅಲ್ಲಿರುವ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿಯ ಗಾಡಿಗಳ ಗಾಲಿಯನ್ನು ಒಂದಲ್ಲ ಒಂದು ದಿನ ಈ ಮನುಷ್ಯ ಬಿಚ್ಚಿಕೊಟ್ಟಿದ್ದಾರೆ. ಒಬ್ಬನಾದರೂ "ಸಾಕು ಬಿಡ್ರಿ ಸಾವಕಾರ್ರ" ಅನ್ನಬೇಕಲ್ಲ? ಇಲ್ಲ. ಚಹಾ ಹೀರುವ ಸಪ್ಪಳ ಮಾತ್ರ. ಊರ ಹೊರಗಿನ ಓಣಿಯಲ್ಲಿ ಹುಟ್ಟಿದವನ ಕೈಯ ಬಗ್ಗೆ ಹೀಗೆ ಮಾತಾಡುವುದು ಈ ಕಡೆ ಹೊಸದೇನಲ್ಲ. ಕೇಳಿಸಿಕೊಂಡು ಸುಮ್ಮನಿರುವುದೂ ಹೊಸದಲ್ಲ.

ಮರಿಲಿಂಗಪ್ಪ ಬೈಗುಳ ಕೇಳುತ್ತಿದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ. ಅವರ ಕಣ್ಣು ವಿಶ್ವರಾಧ್ಯನ ಹೆಗಲ ಆಚೆ, ರಸ್ತೆ ಬದಿಯಲ್ಲಿ ಸ್ವಲ್ಪ ವಾಲಿ ನಿಂತ ಹಳೇ ಲಾರಿಯ ಹಿಂದಿನ ಎಡಗಾಲಿಯ ಮೇಲಿದೆ.

ಆದದ್ದು ಇಷ್ಟು. ಮೂರು ದಿನದ ಹಿಂದೆ ಈ ಲಾರಿ ನಾರಾಯಣಪುರದ ಕಾಲುವೆ ಸೀಮೆಯಿಂದ ಭತ್ತ ಹೇರಿಕೊಂಡು ಶಹಾಪುರಕ್ಕೆ ಹೊರಟಿತ್ತು. ಕ್ರಾಸಿನ ಹತ್ತಿರ ಬರುವಾಗ ಎಡಗಾಲಿಯ ಹತ್ತು ಬೋಲ್ಟುಗಳಲ್ಲಿ ಎರಡು ನಟ್ಟಿನ ಸಮೇತ ಕತ್ತರಿಸಿ ಹಾರಿದವು. ಡ್ರೈವರ್ ದೇವಿಂದ್ರ ಟಕ್ ಟಕ್ ಸಪ್ಪಳ ಕೇಳಿ ಗಾಡಿ ಬದಿಗೆ ಹಾಕಿದ. ಹಿಂದೆ ಹತ್ತಿ ಬಿಡಿಸಲು ಹೋಗುವ ಹೆಣ್ಣಾಳುಗಳ ಟಂಟಂ ಇತ್ತು. ದೇವಿಂದ್ರನ ಕಿವಿ ಚುರುಕಿರದಿದ್ದರೆ ಏನಾಗುತ್ತಿತ್ತು ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅದಕ್ಕೂ ಹದಿನೆಂಟು ದಿನ ಮೊದಲು ಇದೇ ಗಾಲಿಯನ್ನು ಬ್ರೇಕಿನ ಕೆಲಸಕ್ಕಾಗಿ ಬಿಚ್ಚಿ ಕೂಡಿಸಿದವರು ಮರಿಲಿಂಗಪ್ಪ. ವಿಶ್ವರಾಧ್ಯನಿಗೆ ಅಷ್ಟು ಸಾಕು. ಲಾರಿ ನಿಂತ ಸಂಜೆಯೇ ಲಾರಿ ಮಾಲಕರ ವಾಟ್ಸಾಪ್ ಗ್ರೂಪಿನಲ್ಲಿ ಅವನ ದನಿ ಬಂತು: "ಮರಿಲಿಂಗಗ ಯಾರೂ ಗಾಡಿ ಕೊಡಬ್ಯಾಡ್ರಿ. ಬೋಲ್ಟ್ ಅರ್ಧ ಮುರದ ಇಡ್ತಾನ." ಯಾದಗಿರಿ, ಶಹಾಪುರ, ಸುರಪುರ ಮೂರೂ ಊರಿನ ಲಾರಿಯವರು ಆ ಗ್ರೂಪಿನಲ್ಲಿದ್ದಾರೆ. ಮರಿಲಿಂಗಪ್ಪ ಇಲ್ಲ. ಅವರ ಹತ್ತಿರ ಇರುವುದು ಬಟನ್ ಫೋನು. ತಮ್ಮ ಮೇಲಿನ ಆರೋಪವನ್ನು ಅವರು ಕೇಳಿದ್ದು ಎರಡನೇ ದಿನ, ಬೇರೆಯವರ ಫೋನಿನಲ್ಲಿ.

ದಿನಕ್ಕೆ ಆರೇಳು ಗಾಡಿಗೆ ಕರೆ ಬರುತ್ತಿದ್ದ ಫೋನು ಅದು. ದನಿ ಬಂದ ಮರುದಿನ ಮೂರು ಕರೆ. ನಿನ್ನೆ ಒಂದೇ, ಅದೂ ಲಾರಿಯಲ್ಲ, ಮೇವು ಕತ್ತರಿಸುವ ಮಷೀನು.

"ಹೋಗಬ್ಯಾಡ ಅಂದಿದ್ಲು ನಮ್ಮ ಮೋನಮ್ಮ," ಎನ್ನುತ್ತಾರೆ ಹೆಂಡತಿಯನ್ನು ನೆನೆದು. "ಬೈಸಿಕೊಳ್ಳಾಕ ಬಸ್ಸಿಗಿ ಹೋಗ್ತೀಯೇನು ಅಂದ್ಲು. ಆದ್ರ ಒಂಬತ್ತಕ್ಕ ಗ್ಯಾಸ್ ಕಟರ್ ತರಸ್ಯಾರ ಅಂತ ದೇವಿಂದ್ರ ಹೇಳ್ದ. ಗ್ಯಾಸ್ ಹಚ್ಚಿ ಸುಟ್ಟ ಒಗದ್ರ ಬೋಲ್ಟೂ ಹೋತು, ನಟ್ಟೂ ಹೋತು. ಆಮ್ಯಾಲ ನಾ ಏನ್ ಹೇಳಿದ್ರೂ ಯಾರ್ ಕೇಳ್ತಾರ್ರಿ? ಅವು ಇಡೀಗ ಇಡೀ ಹೊರಗ ಬರಬೇಕು. ಏನಾಗೇದ ಅಂತ ಅವೇ ಹೇಳ್ತಾವ."

ಸುರಪುರದ ಇಬ್ಬರು ಮೆಕ್ಯಾನಿಕರು ನಿನ್ನೆ ಇಡೀ ದಿನ ಜಗ್ಗಾಡಿ ಸೋತಿದ್ದಾರೆ. ಉಳಿದ ಎಂಟು ನಟ್ಟುಗಳಲ್ಲಿ ಒಂದೂ ಕದಲಿಲ್ಲ. ಒಂದರ ಮೂಲೆಗಳನ್ನಂತೂ ಪಾನಾ ಜಾರಿಸಿ ಜಾರಿಸಿ ಅರ್ಧ ದುಂಡಗೆ ಮಾಡಿಟ್ಟು ಹೋಗಿದ್ದಾರೆ. ಹೋಗುವಾಗ ಇಬ್ಬರೂ ಹೇಳಿದ್ದು ಒಂದೇ ಹೆಸರು, ಮಾಲಕನಿಗೆ ಬೇಡವಾದ ಹೆಸರು. ಆ ಹೆಸರಿಗೆ ಫೋನು ಹಚ್ಚಿದವನು ದೇವಿಂದ್ರ. ಗ್ಯಾಸ್ ಕಟರ್ ಬರುವ ತನಕ ಕೈ ಹಚ್ಚಲಿ ಎಂದು ವಿಶ್ವರಾಧ್ಯ ಒಪ್ಪಿದ್ದೂ ದೇವಿಂದ್ರ ಕಾಲಿಗೆ ಬೀಳುವುದೊಂದು ಬಾಕಿ ಎನ್ನುವಷ್ಟು ಬೇಡಿಕೊಂಡ ಮೇಲೆ.

ಮರಿಲಿಂಗಪ್ಪ ಚೀಲ ಇಳಿಸುತ್ತಾರೆ. ಆದರೆ ಪಾನಾ ತೆಗೆಯುವುದಿಲ್ಲ. ಗಾಲಿಯಿಂದ ಎರಡು ಮಾರು ದೂರ ಕುಕ್ಕರುಗಾಲಲ್ಲಿ ಕೂತು, ಕೈ ಎರಡನ್ನೂ ಬಗಲಲ್ಲಿ ಇಟ್ಟುಕೊಂಡು ನೋಡುತ್ತಾರೆ. ಆಮೇಲೆ ಚಹಾದಂಗಡಿಯ ಕಡೆ ತಿರುಗುತ್ತಾರೆ.

"ಎಲ್ಲಾರೂ ಇಲ್ಲಿ ಬರ್ರಿ. ನಾ ಇನ್ನಾ ಮುಟ್ಟಿಲ್ಲ. ಮುಟ್ಟೂಕಿಂತ ಮೊದಲ ನೋಡ್ರಿ. ಆಮ್ಯಾಲ ನಾ ಮಾಡೀನಿ ಅನಬ್ಯಾಡ್ರಿ."

ಮಂದಿ ಸುತ್ತ ನೆರೆಯುತ್ತಾರೆ. ಪ್ರತಿಯೊಂದು ನಟ್ಟಿನ ಮೇಲೂ ಕೆಸರಿನ ಅಡಿಯಲ್ಲಿ ಕೆಂಪನೆಯ ಸಣ್ಣ ಗೆರೆ ಕಾಣುತ್ತದೆ. ನಟ್ಟಿನ ಪಕ್ಕದಲ್ಲಿ ಗಾಲಿಯ ತಗಡಿನ ಮೇಲೂ ಅಂಥದ್ದೇ ಗೆರೆ.

ಅದು ಉಗುರಬಣ್ಣ. ಸುರಪುರದ ಬಳೆ ಅಂಗಡಿಯಿಂದ ಮೋನಮ್ಮ ತಂದುಕೊಡುವ ಪುಟ್ಟ ಶೀಸೆ. ಗಾಲಿ ಕೂಡಿಸಿದ ಮೇಲೆ ನಟ್ಟಿನಿಂದ ತಗಡಿನವರೆಗೆ ಒಂದೇ ನೇರ ಗೆರೆ ಎಳೆಯುವುದು ಮರಿಲಿಂಗಪ್ಪ ಅವರ ರೂಢಿ. ನಟ್ಟು ಎಳ್ಳಷ್ಟು ಕದಲಿದರೂ ಗೆರೆ ಎರಡು ತುಂಡಾಗುತ್ತದೆ. ಕೆಸರು, ಮಳೆ, ಡಿಸೇಲು ಯಾವುದಕ್ಕೂ ಜಗ್ಗದ ಬಣ್ಣ ಅದೊಂದೇ ಎಂದು ಹತ್ತೆಂಟು ಬಣ್ಣ ಹಚ್ಚಿ ನೋಡಿ ಕಂಡುಕೊಂಡಿದ್ದಾರೆ. ಡ್ರೈವರುಗಳು ನಗುತ್ತಾರೆ. "ಗಾಲಿಗಿ ನಿಶ್ಚಯ ಆತೇನ್ ಕಾಕಾ? ಬಳಿ ಯಾವಾಗ ಇಡಸ್ತಿ?" ಎಂದು ಛೇಡಿಸುತ್ತಾರೆ. ಅವರು ತಲೆ ಕೆಡಿಸಿಕೊಂಡಿಲ್ಲ.

ಈಗ ಎಂಟೂ ಗೆರೆಗಳು ಮುರಿದಿವೆ. ನಟ್ಟಿನ ಮೇಲಿನ ತುಂಡು ತಗಡಿನ ಮೇಲಿನ ತುಂಡಿಗಿಂತ ಎಡಕ್ಕೆ, ಎರಡು ಬೆರಳಿನಷ್ಟು ಸರಿದು ಕೂತಿದೆ.

"ಕಂಡ್ತಲ್ಲ!" ವಿಶ್ವರಾಧ್ಯ ಕೈ ತಟ್ಟುತ್ತಾನೆ. "ಎಡಕ್ಕ ಸರದಾವ. ಎಡಕ್ಕಂದ್ರ ಸಡ್ಲ ಆಗ್ಯಾವ. ನೀ ಬಿಗದೇ ಇಲ್ಲ!"

ಮಂದಿ ತಲೆಯಾಡಿಸುತ್ತಾರೆ. ನಲ್ಲಿ, ಡಬ್ಬಿ, ಸೈಕಲ್ಲು ಎಲ್ಲವೂ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಆದರೆ ತಲೆಯಾಡಿಸದೆ ನಿಂತ ಇಬ್ಬರು ಮುದಿ ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಈ ಲಾರಿ ಹಳೇದು. ಇಂಥ ಹಳೇ ಗಾಡಿಗಳಲ್ಲಿ ಎಡಗಡೆಯ ಗಾಲಿಗೆ ಉಲ್ಟಾ ಚೂಡಿ ಇರುತ್ತದೆ. ಚೂಡಿ ಎಂದರೆ ಬೋಲ್ಟಿನ ಮೈಮೇಲಿನ ಸುತ್ತುಗೆರೆ. ಗಾಡಿ ಮುಂದೆ ಓಡುವಾಗ ಎಡಗಡೆಯ ನಟ್ಟುಗಳು ತಾವಾಗಿ ಸಡಿಲವಾಗಬಾರದೆಂದು ಕಂಪನಿಯವರೇ ಹಾಗೆ ಮಾಡಿರುತ್ತಾರೆ. ಆ ಗಾಲಿಯ ನಟ್ಟು ಬಿಚ್ಚಬೇಕಾದರೆ ಬಲಕ್ಕೆ ತಿರುಗಿಸಬೇಕು. ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಹೊಸ ಲಾರಿಗಳಲ್ಲಿ ಇದಿಲ್ಲ. ಹೊಸ ಲಾರಿಯಲ್ಲೇ ಕೈ ಪಳಗಿಸಿಕೊಂಡವರು ಹಳೇ ಲಾರಿಯ ಎಡಗಾಲಿಗೆ ಬಂದಾಗ ಮಾಡುವ ತಪ್ಪು ಒಂದೇ. ಬಿಚ್ಚುತ್ತೇನೆಂದು ಬಿಗಿಯುತ್ತಾರೆ. ಬರದಿದ್ದರೆ ಇನ್ನೂ ಜೋರು ಹಾಕುತ್ತಾರೆ. ಅಂದರೆ ಇನ್ನೂ ಬಿಗಿಯುತ್ತಾರೆ.

ಮರಿಲಿಂಗಪ್ಪ ಇದನ್ನು ನಾಲ್ಕು ಮಾತಲ್ಲಿ ಹೇಳಿ ಮುಗಿಸುತ್ತಾರೆ. "ಇದು ಎಡಗಾಲಿ ಸಾವಕಾರ್ರ. ಎಡಕ್ಕ ಅಂದ್ರ ಬಿಗಿ. ನಾ ಬಿಟ್ಟ ಹೋದ ಮ್ಯಾಲ ಇದನ್ನ ಯಾರೋ ಬಿಗದಾರ. ಕೈಯಿಂದ ಅಲ್ಲ. ಕೈಯಿಂದ ಎರಡ ಬೆರಳು ಸರಿಯಂಗಿಲ್ಲ."

"ಯಾರ್ ಬಿಗದಾರ?"

"ನನಗೇನ್ ಗೊತ್ರಿ?"

"ನಿನ್ನೆ ಬಂದ ಸುರಪುರದವ್ರ ಬಿಗದಿರಬೇಕು!"

"ಅವ್ರು ಬರೂ ಮೊದಲ ಎರಡು ಹಾರಿದ್ದುವಲ್ರಿ."

ಗುಂಪಿನಲ್ಲಿ ಯಾರೋ ಒಬ್ಬ ಹಿಂದಿನಿಂದ, "ಆ ಬಣ್ಣ ಇವನ ಈಗ ಹಚ್ಚ್ಯಾನೋ ಏನೋ, ಯಾರಿಗ್ಗೊತ್ತು," ಅನ್ನುತ್ತಾನೆ. ಹಜರಾಬೀ ಚಹಾ ಸೋಸುತ್ತಲೇ ತಲೆ ಎತ್ತುತ್ತಾರೆ. "ಮೂರು ದಿನದಿಂದ ಗಾಡಿ ನನ್ನ ಕಣ್ಣ ಮುಂದ ನಿಂತದ. ಇವ ಬಸ್ಸಿನಿಂದ ಇಳದಿದ್ದು ನಿಮ್ಮ ಮುಂದನ. ಹಚ್ಚಿದ್ರ ಯಾವಾಗ ಹಚ್ಚಿದ? ಕೆಸರಿನ ಕೆಳಗ ಹ್ಯಾಂಗ್ ಹಚ್ಚಿದ?" ಹಿಂದಿನವನು ಗ್ಲಾಸಿಗೆ ಬಾಯಿ ಹಚ್ಚುತ್ತಾನೆ. ದೇವಿಂದ್ರ ಮಾತ್ರ ಬೂಟಿನ ತುದಿಯಿಂದ ನೆಲ ಕೆದರುತ್ತ ನಿಂತಿದ್ದಾನೆ. ಮರಿಲಿಂಗಪ್ಪ ಅವನನ್ನು ಒಂದು ಕ್ಷಣ ನೋಡಿ, ಚೀಲದ ಬಾಯಿ ಬಿಚ್ಚುತ್ತಾರೆ.

ಗಂಟೆ ಆರೂಕಾಲು.

ತಂತಿ ಬ್ರಷ್ಷಿನಿಂದ ಬೋಲ್ಟುಗಳ ತುದಿಯ ಮಣ್ಣು, ತುಕ್ಕು ಉಜ್ಜುತ್ತಾರೆ. ಇದಕ್ಕೇ ಅರ್ಧ ತಾಸು. "ತುಕ್ಕ ಬಿಟ್ಟ ತಿರುವಿದ್ರ ಅದು ಚೂಡಿ ತಿಂತದ." ಆಮೇಲೆ ಡಿಸೇಲಿಗೆ ಚೂರು ತೆಳ್ಳನೆಯ ಎಣ್ಣೆ ಬೆರೆಸಿ, ಹಳೇ ಸಿರಿಂಜಿನಲ್ಲಿ ಎಳೆದು, ನಟ್ಟಿನ ಬುಡಕ್ಕೆ ಹನಿ ಹನಿ ಬಿಡುತ್ತಾರೆ. ಒಂದು ಸುತ್ತಿಗೆಯನ್ನು ನಟ್ಟಿನ ಒಂದು ಮೈಗೆ ಒತ್ತಿಹಿಡಿದು ಎದುರಿನ ಮೈಗೆ ಇನ್ನೊಂದರಿಂದ ಮೆಲ್ಲಗೆ ಬಡಿಯುತ್ತಾರೆ. ಎಣ್ಣೆ ಒಳಗಿಳಿಯಲು ದಾರಿ ಮಾಡಿಕೊಡುವ ಬಡಿತ ಅದು. ಬೆಂಕಿ ಹಚ್ಚಿ ಕಾಯಿಸಿದರೆ ಬೇಗ ಆಗುವುದಿಲ್ಲವೇ ಎಂದು ಯಾರೋ ಕೇಳಿದರೆ ಸಿಟ್ಟಿನಿಂದ ನೋಡುತ್ತಾರೆ. "ಟೈರಿನ ಬಾಜೂಕ ಬೆಂಕಿನಾ? ಟೈರ್ ಒಡದ್ರ ನೀನೂ ಇಲ್ಲ, ನಾನೂ ಇಲ್ಲ."

ಇನ್ನು ಕಾಯಬೇಕು. ಮುಕ್ಕಾಲು ತಾಸು. ಈ ಕಾಯುವಿಕೆಯೇ ಮಂದಿಗೆ ಆಗಿಬರುವುದಿಲ್ಲ. ಗಾಳಿಯ ಜೋರಿನಿಂದ ನಟ್ಟು ತಿರುಗಿಸುವ ಗನ್ ಹಿಡಿದ ಅಂಗಡಿಗಳಲ್ಲಿ ಎರಡು ನಿಮಿಷಕ್ಕೆ ಗಾಲಿ ಕಳಚುತ್ತದೆ, ಎರಡು ನಿಮಿಷಕ್ಕೆ ಕೂಡುತ್ತದೆ. ಗರ್ರ್ ಅಂದರೆ ಆಯಿತು. ಎಷ್ಟು ಬಿಗಿಯಾಯಿತು ಎಂದು ಗನ್ನಿಗೂ ಗೊತ್ತಿಲ್ಲ, ಹಿಡಿದವನಿಗೂ ಗೊತ್ತಿಲ್ಲ. ಬಿಗಿಯುವುದಕ್ಕೆ ಯಾವ ಅಕ್ಕಲೂ ಬೇಡ. ಆ ಗರ್ರ್ ಎನ್ನುವುದರ ಫಲವನ್ನು ಹೊಲದ ಬದುವಿನಲ್ಲಿ, ಕಾಲುವೆ ಏರಿಯ ಮೇಲೆ, ಸುಡುಬಿಸಿಲಲ್ಲಿ ಕೂತು ಬಿಚ್ಚುವವರು ಮಾತ್ರ ಈ ಮನುಷ್ಯ. ಅಂಗಡಿಗೆ ಬೋರ್ಡು ಇದೆ, ಇವರಿಗೆ ಬೈಗುಳ ಇದೆ.

ಮರಿಲಿಂಗಪ್ಪ ಹುಟ್ಟಿದ್ದು ಯಾದಗಿರಿ ತಾಲೂಕಿನ ಬಳಿಚಕ್ರದಲ್ಲಿ. ಶಾಲೆ ಆರನೇ ಇಯತ್ತೆಗೆ ನಿಂತಿತು. ಯಾದಗಿರಿಯ ಸ್ಟೇಷನ್ ಕಡೆಯ ಯಾಕೂಬಸಾಬರ ಲಾರಿ ಗ್ಯಾರೇಜಿಗೆ ಸೇರಿದರು. ಮೊದಲ ಎರಡು ವರ್ಷ ಯಾಕೂಬಸಾಬರು ಅವರ ಕೈಗೆ ಪಾನಾ ಕೊಡಲಿಲ್ಲ. ಬರೀ ನೋಡುವುದು. ನಟ್ಟು ಎದುರಿಗಿಟ್ಟು "ಇದರ ಮ್ಯಾಲ ಮೊದಲ ಯಾರ್ ಕೈ ಹಾಕ್ಯಾರ, ಏನ್ ತಪ್ ಮಾಡ್ಯಾರ, ಹೇಳು" ಎಂದು ಕೇಳುತ್ತಿದ್ದರಂತೆ. ತಪ್ಪು ಹೇಳಿದರೆ ತಲೆಗೆ ಮೊಟಕು. "ನಟ್ಟಿನ ಮ್ಯಾಲ ಭರೋಸಾ ಇಡಬ್ಯಾಡ, ಬಿಗದವನ ಮ್ಯಾಲಂತೂ ಇಡಲೇಬ್ಯಾಡ ಅಂತಿದ್ರು ಸಾಹೇಬ್ರು," ಎಂದು ನೆನೆಯುತ್ತಾರೆ. ಇವತ್ತಿಗೂ ಅವರದು ಅದೇ ಸಂಶಯದ ಕಣ್ಣು. ಪರಿಚಯದ ಗಾಡಿಯೇ ಬಂದರೂ ಹೊಸದಾಗಿ ಸುತ್ತು ಹಾಕಿ ನೋಡದೆ ಮುಟ್ಟುವುದಿಲ್ಲ.

ಸ್ವಂತ ಅಂಗಡಿ ಎಂದೂ ಆಗಲಿಲ್ಲ. ಶಹಾಪುರದ ಬೈಪಾಸಿನ ಬೇವಿನ ಗಿಡದ ಬುಡವೇ ಠಿಕಾಣಿ. ಚೀಲದಲ್ಲಿ ಹದಿನಾಲ್ಕು ಸಾಮಾನು, ಪಾನಾದ ಹಿಡಿಕೆಗೆ ಸಿಕ್ಕಿಸುವ ಮೂರೂವರೆ ಅಡಿಯ ಕಬ್ಬಿಣದ ಪೈಪು. ಆ ಪೈಪು ಒಮ್ಮೆ ಜಾರಿ ಮುಂದಿನ ಎರಡು ಹಲ್ಲು ಹೋದವು. ಇನ್ನೊಮ್ಮೆ ಎಡಹೆಗಲು ಕಳಚಿತು. ಈಗಲೂ ಚಳಿಗಾಲದ ಬೆಳಗ್ಗೆ ಅಂಗಿ ತೊಡಲು ಮೋನಮ್ಮನ ಕೈ ಬೇಕು. ದಿನಕ್ಕೆ ಐವತ್ತು, ಅರವತ್ತು ನಟ್ಟು. ಮುರಿಯುವುದು ವರ್ಷಕ್ಕೆ ಮೂರೋ ನಾಲ್ಕೋ. ಮುರಿದದ್ದೆಲ್ಲವೂ ಅವರಿಗೆ ನೆನಪಿದೆ. ಹೋದ ವರ್ಷ ಗೋಗಿಯವರ ಟ್ರ್ಯಾಕ್ಟರಿಂದು ಒಂದು, ಭೀಮರಾಯನಗುಡಿಯ ಹತ್ತಿರ ಟಿಪ್ಪರಿಂದು ಒಂದು, ಹುಣಸಗಿ ರಸ್ತೆಯಲ್ಲಿ ಒಂದು.

"ಮುರದದ್ದು ಮುರದೀನಿ ಅಂತ ಹೇಳ್ತೀನ್ರಿ. ಮುಚ್ಚಿ ಗ್ರೀಸ್ ಬಡದ ಕಳಸಿದ್ರ ಮುಂದ ಹೋಗಿ ಯಾರದೋ ಮನಿ ದೀಪ ಆರತದ. ಗಾಡ್ಯಾಗ ಕುಂತವ್ರು ನನ್ನ ನಂಬಿ ಕುಂತಿರಂಗಿಲ್ಲ, ಖರೆ. ಆದ್ರ ನಾ ಬಿಗದ ನಟ್ಟಿನ ಮ್ಯಾಲೇ ಕುಂತಿರ್ತಾರಲ್ಲ."

ಏಳೂವರೆಗೆ ಪಾನಾ ಕೈಗೆ ಬರುತ್ತದೆ. ಆರು ಮೂಲೆಯನ್ನೂ ಗಟ್ಟಿಯಾಗಿ ತಬ್ಬುವ ಡಬ್ಬಿಪಾನಾ. ಹನ್ನೆರಡು ಮೂಲೆಯ ಪಾನಾ ಅವರ ಚೀಲದಲ್ಲೇ ಇಲ್ಲ. ಅದು ಬೇಗ ಕೂರುತ್ತದೆ, ಬೇಗ ಜಾರುತ್ತದೆ. ಬೇರೆ ದಿನವಾದರೆ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ತುಕ್ಕಿನ ಹಿಡಿತ ಒಡೆದು, ಆಮೇಲೆ ಸಡಿಲಿಸುತ್ತಾರೆ. ಇವತ್ತು ಬೇಡ. "ಇವು ಮೊದಲ ಎಳದ ಎಳದ ಜೀವ ಬಾಯಿಗಿ ಬಂದ ನಿಂತಾವ. ಇನ್ನೊಂದ್ ಕೂದಲು ಬಿಗದ್ರ ಟಪ್ ಅಂತಾವ."

ಲಾರಿಯ ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟಿದ್ದಾರೆ. ಗಾಲಿ ಇನ್ನೂ ನೆಲದ ಮೇಲೇ ಇದೆ. ಜಾಕ್ ಏರಿಸಿದ ಮೇಲೆ ಬಿಚ್ಚಿದರೆ ಗಾಲಿ ತಿರುಗುತ್ತದೆ, ಜೋರು ಅಡ್ಡಡ್ಡ ಬೀಳುತ್ತದೆ. ಪಾನಾಕ್ಕೆ ಪೈಪು ಸಿಕ್ಕಿಸಿ, ತೋಳಿನಿಂದ ಅಲ್ಲ, ಸೊಂಟದಿಂದ ಭಾರ ಬಿಡುತ್ತಾರೆ. ಜರ್ಕು ಇಲ್ಲ. ಹತ್ತು ಉಸಿರಿನಷ್ಟು ಹೊತ್ತು ಏನೂ ಆಗುವುದಿಲ್ಲ. ಮಂದಿ ಬೇಸರದಿಂದ ಕಾಲು ಬದಲಿಸುತ್ತಾರೆ. ಆಗ ಕಿರ್ರೆಂದು ಒಂದು ಸಣ್ಣ ಸಪ್ಪಳ. ಒಣ ಬಾಗಿಲು ತೆರೆದ ಹಾಗೆ. ಮರಿಲಿಂಗಪ್ಪ ತಕ್ಷಣ ನಿಲ್ಲುತ್ತಾರೆ. ಇನ್ನಷ್ಟು ಹನಿ ಬಿಡುತ್ತಾರೆ. ಅರ್ಧ ಬೆರಳು ಬಲಕ್ಕೆ, ಕಾಲು ಬೆರಳು ವಾಪಸ್ಸು. ಮತ್ತೆ ಬಲಕ್ಕೆ. ಮೊದಲ ನಟ್ಟು ಅಂಗೈಗೆ ಬರುತ್ತದೆ. ಇಡೀ.

"ಒಂದು," ಎನ್ನುತ್ತಾರೆ ಹಜರಾಬೀ, ಯಾರೂ ಕೇಳದಿದ್ದರೂ.

ಎರಡನೆಯದಕ್ಕೆ ಪಕ್ಕದ ನಟ್ಟಿಗೆ ಹೋಗುವುದಿಲ್ಲ, ಎದುರಿನದಕ್ಕೆ ಹೋಗುತ್ತಾರೆ. ಒಂದೇ ಬದಿಯದನ್ನು ಬಿಚ್ಚಿದರೆ ಉಳಿದವುಗಳ ಮೇಲೆ ಭಾರ ಬಿದ್ದು ಕತ್ತು ಕೊಯ್ದ ಹಾಗಾಗುತ್ತದೆ. ಎರಡು, ಮೂರು, ನಾಲ್ಕು. ನಾಲ್ಕನೆಯದಕ್ಕೆ ಕಿರ್ರೆನ್ನುವ ಬದಲು ಟಕ್ಕೆಂದು ಕೇಳಿಸಿತು. ಅವರು ಥಟ್ಟನೆ ಪಾನಾದಿಂದ ಕೈ ತೆಗೆದರು. ವಿಶ್ವರಾಧ್ಯ "ಹೋತಾ? ಮುರದೇ ಬಿಟ್ಟ್ಯಾ?" ಎಂದು ಮುಂದೆ ಬಂದ. ಅವರು ಕಣ್ಣು ಮುಚ್ಚಿ ಬೆರಳ ತುದಿಯಿಂದ ಬೋಲ್ಟಿನ ತುದಿ ಅಲುಗಿಸಿ ನೋಡಿದರು. ಮುರಿದಿಲ್ಲ. ತುಕ್ಕಿನ ಹೊಪ್ಪಳೆ ಒಡೆದದ್ದು.

ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಗ್ಯಾಸ್ ಕಟರ್ ನಡೆಸುವ ಅಕ್ರಮ ಎಂಬವನು ಸುರಪುರದಿಂದ ಸಿಲಿಂಡರು ಹೇರಿಕೊಂಡು ಬರುತ್ತಾನೆ. ಆರು ನಟ್ಟು ಗೋಣಿಯ ಮೇಲೆ ಸಾಲಾಗಿ ಕೂತಿವೆ. ಉಳಿದವು ಎರಡು, ಅದರಲ್ಲೊಂದು ಮೂಲೆ ಸವೆದದ್ದು.

"ಹಚ್ಚು ಅಕ್ರಮ, ಇನ್ನ ಎರಡ ಅದಾವ, ಸುಟ್ಟ ಒಗಿ. ನನಗ ಹೊತ್ತಾಗ್ಯದ," ಎನ್ನುತ್ತಾನೆ ವಿಶ್ವರಾಧ್ಯ.

ಅಕ್ರಮ ಗೋಣಿಯ ಮೇಲಿನ ನಟ್ಟುಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಾನೆ. ಒಂದರ ಮೂಲೆಯೂ ಮುಕ್ಕಾಗಿಲ್ಲ. ಸಿಲಿಂಡರಿನ ಕೀಲಿ ಜೇಬಿಗೆ ಹಾಕಿ ಚಹಾ ಹೇಳುತ್ತಾನೆ. "ಸಾವಕಾರ್ರ, ನಾ ಸುಡಾಂವ. ಬಿಚ್ಚಾಂವ ಬಿಚ್ಚಾಕತ್ತಾಗ ಸುಡಾಂವಗೇನ್ ಕೆಲಸ? ಮುಗೀಲಿ, ಕೂತಿರ್ತೀನಿ."

ಏಳನೆಯದು ಬಂತು. ಎಂಟನೆಯದು, ದುಂಡಗಾದದ್ದು, ಪಾನಾವನ್ನು ಹಿಡಿಯಲೇ ಇಲ್ಲ. ಮರಿಲಿಂಗಪ್ಪ ಅದರ ಮುಂದೆ ಸುಮಾರು ಹೊತ್ತು ಕೂತರು. ಆಮೇಲೆ ಚೀಲದಿಂದ ಕಬ್ಬಿಣ ತಿಕ್ಕುವ ಅರ ತೆಗೆದು, ಸವೆದ ಮೂಲೆಗಳನ್ನು ಅಲ್ಲ, ಉಳಿದಿದ್ದ ಎದುರುಬದುರಿನ ಎರಡು ಮೈಗಳನ್ನು ತಿಕ್ಕಿ ಚಪ್ಪಟೆ ಮಾಡತೊಡಗಿದರು. ನಲವತ್ತು ನಿಮಿಷ ಬರೀ ತಿಕ್ಕಿದ್ದು. ಒಂದಳತೆ ಸಣ್ಣ ಪಾನಾವನ್ನು ಆ ಹೊಸ ಮೈಗಳ ಮೇಲೆ ಸುತ್ತಿಗೆಯಿಂದ ತಟ್ಟಿ ತಟ್ಟಿ ಕೂರಿಸಿದರು. ಹೆಗಲು ನೋಯುತ್ತಿದೆ ಎನ್ನುವುದು ಅವರು ಹಲ್ಲಿಲ್ಲದ ಕಡೆ ನಾಲಿಗೆ ಕಚ್ಚಿಹಿಡಿದದ್ದರಿಂದ ಗೊತ್ತಾಗುತ್ತಿತ್ತು. ಪೈಪು ಸಿಕ್ಕಿಸಿ ಭಾರ ಬಿಟ್ಟರು. ಕಿರ್ರೆಂದಿತು.

ಹಜರಾಬೀ ಎಣಿಸಲಿಲ್ಲ. ಅಷ್ಟೂ ಮಂದಿ ಒಟ್ಟಿಗೆ "ಎಂಟು" ಅಂದರು. ಮುಂಜಾನೆ ಬಾಯಿಗೆ ಗ್ಲಾಸು ಹಚ್ಚಿಕೊಂಡಿದ್ದ ಅದೇ ಮಂದಿ.

ಜಾಕ್ ಏರಿಸಿ ಗಾಲಿ ಇಳಿಸಿದ ಮೇಲೆ ಎಂಟು ಬೋಲ್ಟುಗಳು ಬರಿಮೈಯಲ್ಲಿ ನಿಂತವು. ಮರಿಲಿಂಗಪ್ಪ ಚೀಲದಿಂದ ಅದೇ ಉಲ್ಟಾ ಚೂಡಿಯ ಒಂದು ಹೊಸ ನಟ್ಟು ತೆಗೆದು, ಹತ್ತಿರ ನಿಂತ ಮುದಿ ಡ್ರೈವರ್ ಲಿಂಗಣ್ಣನ ಕೈಗೆ ಕೊಟ್ಟರು. "ಕೈಯಿಂದ ತಿರುವ್ರಿ ಲಿಂಗಣ್ಣ. ಪಾನಾ ಬ್ಯಾಡ."

ಲಿಂಗಣ್ಣ ತಿರುಗಿಸಿದ. ನಟ್ಟು ನಾಲ್ಕು ಸುತ್ತು ಬೆಣ್ಣೆಯ ಹಾಗೆ ಒಳಗೆ ಹೋಯಿತು. ಐದನೆಯ ಸುತ್ತಿಗೆ ಕಚ್ಚಿಕೊಂಡು ನಿಂತಿತು. ಇನ್ನೊಂದು ಬೋಲ್ಟಿಗೆ ಹಾಕಿದ. ಅಲ್ಲೂ ಅಷ್ಟಕ್ಕೇ ನಿಂತಿತು. ಎಂಟಕ್ಕೂ ಹಾಗೇ.

"ಇಲ್ಲಿ ತನಕ ಬೋಲ್ಟ್ ಬರಾಬರ್ ಅದ," ಮರಿಲಿಂಗಪ್ಪ ಬೆರಳಿಟ್ಟು ತೋರಿಸಿದರು. "ಇಲ್ಲಿಂದ ಒಳಗ ಎಳದ ಉದ್ದ ಆಗೇದ. ಚೂಡಿ ದೂರ ದೂರ ಸರದಾವ. ಸಡ್ಲ ಬಿಟ್ಟಿದ್ರ ಹಿಂಗ ಎಳಿಯಂಗಿಲ್ಲ. ಮಷೀನ್ ಹಚ್ಚಿ ಬಿಗದ್ರ ಮಾತ್ರ ಎಳೀತದ. ಹಾರಿದ ಎರಡೂ ಹಿಂಗ ಎಳದ ಎಳದ ಕಡದಾವ."

ಸಾಲಾಗಿ ಒಬ್ಬೊಬ್ಬರೇ ನಟ್ಟು ತಿರುಗಿಸಿ ನೋಡಿದರು. ಬಣ್ಣದ ಗೆರೆಯನ್ನು ನಂಬದವನೂ ನೋಡಿದ.

ಆಗ ದೇವಿಂದ್ರ ಮಾತಾಡಿದ. ಯಾರ ಮುಖವನ್ನೂ ನೋಡದೆ, ನೆಲಕ್ಕೆ ಹೇಳುವವನ ಹಾಗೆ. "ನಮ್ಮ ಶೆಡ್ಡಿನ್ಯಾಗ ಹೋದ ವಾರ ಹೊಸಾ ಗಾಳಿ ಗನ್ ಬಂದದಲ್ರಿ. ಬಸು ಸಾವಕಾರ್ರು ಈ ಗಾಲಿ ಬಿಚ್ಚಿ ನೋಡ್ತೀನಿ ಅಂತ ಹಚ್ಚಿದ್ರು. ಬರಲಿಲ್ಲ. ಮೂರು ಸಲ ಹಚ್ಚಿದ್ರು. ಜಾಮ್ ಆಗ್ಯಾವ ಬಿಡು, ಹಂಗ ಹೋಗು ಅಂದ್ರು. ನಾ ಹೊಂಟ್ನಿ."

ಬಸು ಎಂದರೆ ವಿಶ್ವರಾಧ್ಯನ ಹೆಂಡತಿಯ ತಮ್ಮ. ಗನ್ನು ಕೊಂಡವನು ವಿಶ್ವರಾಧ್ಯ. ಶೆಡ್ಡಿನ ಉಳಿದ ಮೂರು ಲಾರಿಗಳೂ ಹೊಸವು. ಹೊಸ ಗಾಡಿಯ ಕೈ ಹಳೇ ಗಾಡಿಯ ಎಡಗಾಲಿಗೆ ಬಿಚ್ಚುತ್ತೇನೆಂದು ಬಿಗಿದದ್ದು, ಬರಲಿಲ್ಲವೆಂದು ಮತ್ತೆ ಬಿಗಿದದ್ದು, ಮೂರನೇ ಸಲವೂ ಬಿಗಿದದ್ದು, ಎಲ್ಲವೂ ಯಾರೂ ಬಿಡಿಸಿ ಹೇಳದೆ ಅಲ್ಲಿ ನಿಂತವರಿಗೆ ತಿಳಿಯಿತು. ತಿಳಿಯದೇ ಉಳಿದದ್ದು ಒಂದೇ: ಗ್ರೂಪಿನಲ್ಲಿ ದನಿ ಹಾಕುವಾಗ ವಿಶ್ವರಾಧ್ಯನಿಗೆ ಇದು ಗೊತ್ತಿತ್ತೋ ಇಲ್ಲವೋ. ಎರಡು ನಟ್ಟು ಉಳಿದಾಗಲೂ ಸುಟ್ಟೇ ಒಗೆಯಲು ಅಷ್ಟು ಅವಸರ ಯಾಕಿತ್ತು ಎಂದು ಲಿಂಗಣ್ಣ ಪಕ್ಕದವನ ಕಿವಿಯಲ್ಲಿ ಕೇಳಿದ್ದು ನಾಲ್ಕು ಮಂದಿಗಾದರೂ ಕೇಳಿಸಿದೆ.

ವಿಶ್ವರಾಧ್ಯ ದೇವಿಂದ್ರನ ಕಡೆ ನೋಡಿದ ನೋಟ ಒಳ್ಳೆಯದಲ್ಲ. ಆದರೆ ಮರಿಲಿಂಗಪ್ಪನವರ ಕಡೆ ತಿರುಗುವಷ್ಟರಲ್ಲಿ ಅವನ ದನಿಯೇ ಬೇರೆಯಾಗಿದೆ. ಹೆಗಲ ಮೇಲೆ ಕೈ ಇಡಲು ಬಂದು, ಗ್ರೀಸು ನೋಡಿ, ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ.

"ಆತು ಬಿಡು ಮರಿಲಿಂಗಪ್ಪ. ಬಾಯಿ ತಪ್ಪಿ ಒಂದ್ ಮಾತು ಬಂತು. ಬಸು ಸಣ್ಣಾಂವ, ನಾಳಿ ನಾಕ ಮಂದ್ಯಾಗ ತಲಿ ಎತ್ತಿ ತಿರಗಬೇಕು. ನೀ ಒಂದ ಮಾತು ಹೇಳು: ಬೋಲ್ಟ್ ಹಳೇವಾಗಿದ್ದು, ಅದಕ ಹೋಗ್ಯಾವ ಅಂತ. ನಿಂದೂ ತಪ್ಪಿಲ್ಲ, ನಮ್ದೂ ತಪ್ಪಿಲ್ಲ. ನಿನ್ನ ದನೀಲೇ ಗ್ರೂಪಿನ್ಯಾಗ ಹಾಕಿಬಿಡ್ತೀನಿ. ನಾಳಿಂದ ನಮ್ಮ ನಾಲ್ಕೂ ಗಾಡಿ ನಿನ್ನ ಕೈಯಾಗ. ಶೆಡ್ಡಿನ್ಯಾಗ ನೆರಳಿಗಿ ಕೂತ ಕೆಲಸ ಮಾಡು, ಆ ಬೇವಿನ ಗಿಡ ಯಾಕ ಬೇಕು?"

ಹೀಗೆಂದು ಫೋನು ತೆಗೆದು, ರೆಕಾರ್ಡಿನ ಗುಂಡಿ ಒತ್ತಿ, ಮರಿಲಿಂಗಪ್ಪನವರ ಬಾಯಿಯ ಹತ್ತಿರ ಹಿಡಿಯುತ್ತಾನೆ.

ಮೂರು ಊರಿನ ಲಾರಿಯವರಿಗೆ ತಲುಪುವ ಫೋನು ಅದು. ಒಂದು ಮಾತು ಸಾಕು, ನಾಳೆಯಿಂದ ಕರೆಗಳು ಮತ್ತೆ ಬರುತ್ತವೆ. ಅಕ್ರಮ ಗ್ಲಾಸು ಕೆಳಗಿಟ್ಟಿದ್ದಾನೆ. ಹೇಳಲಿ ಎಂದು ಕೆಲವರ ಮುಖ, ಹೇಳದಿರಲಿ ಎಂದು ಕೆಲವರ ಮುಖ. ದೇವಿಂದ್ರನ ಮುಖದಲ್ಲಿ ಎರಡೂ ಇವೆ.

ಮರಿಲಿಂಗಪ್ಪ ಫೋನು ನೋಡುತ್ತಾರೆ. ಹಿಡಿದವನ ಮುಖ ನೋಡುತ್ತಾರೆ. ಮುಂಜಾನೆ ಗಾಲಿಯನ್ನು ನೋಡಿದಷ್ಟೇ ಹೊತ್ತು, ಅಷ್ಟೇ ಸಾವಕಾಶವಾಗಿ. ಬಟ್ಟೆಯ ಚಿಂದಿಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಾರೆ. ಪಾನಾ, ಅರ, ಸಿರಿಂಜು, ಎರಡು ಸುತ್ತಿಗೆ ಚೀಲಕ್ಕೆ ಇಳಿಯುತ್ತವೆ. ಗೋಣಿಯ ಮೇಲಿನ ಎಂಟು ನಟ್ಟುಗಳನ್ನು ಎತ್ತಿ, ಸಾಕ್ಷಿ ಉಳಿಯಲೆಂದು, ಲಿಂಗಣ್ಣನ ಬೊಗಸೆಗೆ ಹಾಕುತ್ತಾರೆ. ಪೈಪನ್ನು ಕೊನೆಗೆ ಸಿಕ್ಕಿಸಿ, ಚೀಲದ ಬಾಯಿ ಕಟ್ಟಿ, ನೋಯದ ಹೆಗಲಿಗೆ ಏರಿಸುತ್ತಾರೆ.

"ಹೇಳಪಾ, ಆನ್ ಅದ," ಎನ್ನುತ್ತಾನೆ ವಿಶ್ವರಾಧ್ಯ.

ಅವರು ಆಗಲೇ ರಸ್ತೆಗೆ ಇಳಿದಿದ್ದಾರೆ. ಒಂದು ಟಿಪ್ಪರಿಗೆ ದಾರಿ ಬಿಟ್ಟು, ದಾಟಿ, ಶಹಾಪುರಕ್ಕೆ ಹೋಗುವ ಸುರಪುರದ ದಾರಿ ಹಿಡಿದು ನಡೆಯುತ್ತಾರೆ.